ತೊಟ್ಟಿಲು ಎಲ್ಲಿತ್ತು? ಮುಂಬೈ, ಪುಣೆ, ಗೋವಾದಲ್ಲಿ ಹಿರಿಯರ ಜನ್ಮದಾಖಲೆಗೆ ಯಾವ ಪುಸ್ತಕ ತೆರೆಯಬೇಕು

ಅಜ್ಜ ಐವತ್ತು ವರ್ಷ ಮುಂಬೈಯಲ್ಲೇ ಇದ್ದರು, ಹಾಗಾಗಿ ದೊಡ್ಡತ್ತೆಯ ಜನ್ಮದಾಖಲೆ ಪಾಲಿಕೆಯಲ್ಲಿ ಇರಲೇಬೇಕು ಎಂದುಕೊಂಡು ವಾರ್ಡ್ ಆಫೀಸಿನ ಮೆಟ್ಟಿಲು ಹತ್ತುವವರು ಬಹಳ. ನಾಲ್ಕಾರು ಸಲ ಅಲೆದ ಮೇಲೆ ಊರಿನ ಯಾರೋ ಒಬ್ಬರು ನೆನಪಿಸುತ್ತಾರೆ: ಚೊಚ್ಚಲ ಹೆರಿಗೆ ತವರಿನಲ್ಲಲ್ಲವೇ, ಆಕೆ ಹುಟ್ಟಿದ್ದು ಕಾಪುವಿನ ಅಜ್ಜಿಮನೆಯಲ್ಲಿ.

ಜನನದ ನೋಂದಣಿ ಆಗುವುದು ಹೆರಿಗೆಯಾದ ಜಾಗದಲ್ಲಿ. ಅಪ್ಪನ ಖೋಲಿ ಪರೇಲಿನ ಚಾಳಿನಲ್ಲಿತ್ತೋ, ಕೆಲಸ ಫೋರ್ಟಿನ ಹೋಟೆಲಿನಲ್ಲಿತ್ತೋ ಎಂಬುದಕ್ಕೆ ಇಲ್ಲಿ ಲೆಕ್ಕವಿಲ್ಲ. ಹಾಗಾಗಿ ಒಂದು ಕುಟುಂಬಕ್ಕೆ ಒಂದು ಕಚೇರಿ ಎಂದು ಹಿಡಿದರೆ ಕೆಲಸ ಕೆಟ್ಟಿತು. ಒಬ್ಬೊಬ್ಬ ಮಗುವಿಗೂ ಬೇರೆ ಬೇರೆಯಾಗಿ ಕೇಳಬೇಕು. ಕರಾವಳಿಯ ಕಡೆಯ ಮನೆಗಳಲ್ಲಿ ಮೊದಲನೆಯದು ಊರಲ್ಲಿ, ಎರಡನೆಯದು ಮೂರನೆಯದು ಮುಂಬೈ ಆಸ್ಪತ್ರೆಯಲ್ಲಿ, ಕೊನೆಯದು ಮತ್ತೆ ಊರಲ್ಲಿ ಎನ್ನುವುದು ತೀರಾ ಸಾಮಾನ್ಯ. ಒಂದು ಹಾಳೆಯಲ್ಲಿ ಮಕ್ಕಳ ಹೆಸರು ಸಾಲಾಗಿ ಬರೆದು, ಪ್ರತಿ ಹೆಸರಿನ ಮುಂದೆ ‘ಬಾಣಂತನ ಮಾಡಿದ್ದು ಯಾರು’ ಎಂದು ಕೇಳಿ ತುಂಬಿಸಿ. ‘ಹುಟ್ಟಿದ್ದು ಎಲ್ಲಿ’ ಎಂದರೆ ಹಿರಿಯರು ಮುಂಬೈ ಅಂದುಬಿಡುತ್ತಾರೆ. ಬಾಣಂತನದ ಪ್ರಶ್ನೆಗೆ ಸರಿಯಾದ ಊರು ಬಾಯಿಗೆ ಬರುತ್ತದೆ.

ಊರು ಗೊತ್ತಾದ ಮೇಲೆ ದಾಖಲೆಯ ಆಯ್ಕೆ. ಇದಕ್ಕೆ ನಮ್ಮ ಅಳತೆಗೋಲು ಒಂದೇ: ಹುಟ್ಟಿದ ಎಷ್ಟು ದಿನಕ್ಕೆ ಬರೆದದ್ದು, ಬರೆಸಿದ್ದು ಯಾರು. ಮೊಹರು ದೊಡ್ಡದಿದ್ದ ಮಾತ್ರಕ್ಕೆ ತಾರೀಖು ಸರಿ ಎಂದಲ್ಲ.

ಪಾಲಿಕೆಯ ರಿಜಿಸ್ಟರು

ಹೆರಿಗೆ ಆಸ್ಪತ್ರೆಯಲ್ಲಾಗಿದ್ದರೆ ಮೊದಲು ಇದೇ. ಆಸ್ಪತ್ರೆಯೇ ವರದಿ ಕಳಿಸುತ್ತಿದ್ದ ಕಾರಣ ತಾರೀಖು ನಂಬಬಹುದು. ಮುಂಬೈಯಲ್ಲಿ ವಾರ್ಡ್ ಹಿಡಿಯುವುದು ಆಸ್ಪತ್ರೆಯ ವಿಳಾಸದ ಮೇಲೆ. ಪರೇಲಿನ ವಾಡಿಯಾ ಹೆರಿಗೆ ಆಸ್ಪತ್ರೆ ಅಥವಾ ಕೆಇಎಂ (ಎರಡೂ 1926ರವು) ಆದರೆ ಎಫ್ ದಕ್ಷಿಣ, ಸಾಯನ್ ಆಸ್ಪತ್ರೆಯಾದರೆ ಎಫ್ ಉತ್ತರ. ಮನೆ ಅಂಧೇರಿಯಲ್ಲಿದ್ದು ಹೆರಿಗೆ ವಾಡಿಯಾದಲ್ಲಾಗಿದ್ದರೆ ಅಂಧೇರಿ ವಾರ್ಡಿನಲ್ಲಿ ಎಷ್ಟು ಹುಡುಕಿದರೂ ಏನೂ ಸಿಗದು.

ಉಪನಗರದ ಹಳೆಯ ಜನನಗಳಿಗೆ ಇನ್ನೊಂದು ತೊಡಕು. ಬಾಂದ್ರಾ, ಅಂಧೇರಿ, ಕುರ್ಲಾ, ಘಾಟ್ಕೋಪರ್ ಇವೆಲ್ಲ ಬೃಹನ್ಮುಂಬೈಗೆ ಸೇರಿದ್ದು 1950ರಲ್ಲಿ. ಬೋರಿವಲಿ, ದಹಿಸರ್, ಮುಲುಂಡ್ ಸೇರಿದ್ದು 1957ರಲ್ಲಿ. ಅದಕ್ಕೂ ಹಿಂದಿನ ಮನೆಹೆರಿಗೆ ಆಗಿನ ಚಿಕ್ಕ ಮುನ್ಸಿಪಾಲಿಟಿಯ ಪುಸ್ತಕದಲ್ಲಿರಬಹುದು, ಹಳ್ಳಿಯ ಪುಸ್ತಕದಲ್ಲೂ ಇರಬಹುದು. 1948ರಲ್ಲಿ ಮಾಲಾಡಿನ ಮನೆಯಲ್ಲಿ ಹುಟ್ಟಿದವರನ್ನು ‘ಮುಂಬೈ ಜನನ’ ಎಂದು ಹುಡುಕುವುದು ದಂಡ.

ಪುಣೆಯಲ್ಲಿ ಗಡಿಯ ಗೊಂದಲ ಬೇರೆ ಥರದ್ದು. ನಗರಪಾಲಿಕೆ ಬೇರೆ, ಪುಣೆ ಕಂಟೋನ್ಮೆಂಟ್ ಬೇರೆ, ಖಡಕಿ ಕಂಟೋನ್ಮೆಂಟ್ ಬೇರೆ, ಒಬ್ಬರ ಪುಸ್ತಕ ಇನ್ನೊಬ್ಬರಲ್ಲಿ ಇರುವುದಿಲ್ಲ. ಅಪ್ಪ ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿದ್ದರೆ ಕಂಟೋನ್ಮೆಂಟಿನಿಂದ ಶುರು ಮಾಡಿ. ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಯಾದದ್ದು 1982ರಲ್ಲಿ. ಅದಕ್ಕಿಂತ ಹಿಂದಿನದಕ್ಕೆ ಹೆರಿಗೆಯಾದ ಗ್ರಾಮದ ಹೆಸರು ಬೇಕೇ ಬೇಕು.

ಈಗ ಪುಸ್ತಕದ ಒಳಗೆ. ಹುಡುಕುವವರು ಎಡವುವ ಜಾಗಗಳು ಹೆಚ್ಚುಕಡಿಮೆ ಇವೇ.

ಒಂದನೆಯದಾಗಿ, ರಿಜಿಸ್ಟರಿನ ಸಾಲುಗಳು ಹುಟ್ಟಿದ ದಿನದ ಕ್ರಮದಲ್ಲಿ ಇರುವುದಿಲ್ಲ, ನೋಂದಾಯಿಸಿದ ದಿನದ ಕ್ರಮದಲ್ಲಿರುತ್ತವೆ. ಡಿಸೆಂಬರ್ 28ಕ್ಕೆ ಹುಟ್ಟಿದ ಮಗು ಮುಂದಿನ ವರ್ಷದ ಜನವರಿ ಪುಟದಲ್ಲಿ ಸಿಗುತ್ತದೆ. ತಡವಾಗಿ ಬರೆಸಿದ್ದಾದರಂತೂ ಹತ್ತು ವರ್ಷ ಆಚೆಗೆ ಇರಬಹುದು. 1969ರ ಜನನ ಮರಣ ನೋಂದಣಿ ಕಾಯ್ದೆ ಬಹುತೇಕ ರಾಜ್ಯಗಳಲ್ಲಿ ಜಾರಿಯಾದದ್ದು 1970ರ ಏಪ್ರಿಲ್ 1ರಿಂದ. ಅದರಡಿ ವರ್ಷ ದಾಟಿದ ಜನನಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. ಪಾಸ್‌ಪೋರ್ಟಿಗೆಂದು ಗಲ್ಫಿಗೆ ಹೊರಟವರು ಹೀಗೆ ಬರೆಸಿಕೊಂಡದ್ದಿದೆ. ಆದ್ದರಿಂದ ಅರ್ಜಿಯಲ್ಲಿ ಒಂದೇ ವರ್ಷ ಬರೆಯಬೇಡಿ, ಹಿಂದೆ ಎರಡು, ಮುಂದೆ ಮೂರು ವರ್ಷ ಸೇರಿಸಿ. ಹುಡುಕಾಟದ ಶುಲ್ಕ ವರ್ಷಕ್ಕಿಷ್ಟು ಎಂದು ಲೆಕ್ಕ, ದೊಡ್ಡ ಮೊತ್ತವೇನಲ್ಲ.

ಎರಡನೆಯದು ಹೆಸರು. ಹೆಸರಿಡುವುದು ಹನ್ನೆರಡನೆಯ ದಿನ ಅಥವಾ ಅದರಾಚೆ, ಆಸ್ಪತ್ರೆಯ ವರದಿ ಹೋಗಿಬಿಡುವುದು ಮೊದಲ ವಾರದಲ್ಲೇ. ಹಾಗಾಗಿ ಹಳೆಯ ಪುಟದಲ್ಲಿ ಮಗುವಿನ ಹೆಸರಿನ ಕಾಲಮ್ಮು ಖಾಲಿ, ಪಕ್ಕದಲ್ಲಿ ‘ಮುಲಗಾ’ (ಗಂಡು) ಅಥವಾ ‘ಮುಲಗಿ’ (ಹೆಣ್ಣು) ಅಷ್ಟೇ. ‘ಸುಶೀಲಾ’ ಎಂದು ಹುಡುಕಿದರೆ ಗುಮಾಸ್ತರು ನಿಜವಾಗಿಯೂ ‘ಇಲ್ಲ’ ಎನ್ನುತ್ತಾರೆ. ಹುಡುಕಬೇಕಾದದ್ದು ಅಪ್ಪನ ಹೆಸರು, ಅಮ್ಮನ ಹೆಸರು, ಗಂಡೋ ಹೆಣ್ಣೋ, ತಿಂಗಳು.

ಮೂರನೆಯದು ಅಡ್ಡಹೆಸರು. ಮರಾಠಿ ಗುಮಾಸ್ತರ ಕಿವಿಗೆ ಬಿದ್ದ ಹಾಗೆ ದೇವನಾಗರಿಯಲ್ಲಿ ಇಳಿದಿದೆ: ಶೆಟ್ಟಿ ಹೋಗಿ ಶೇಟೀ, ಶೇಟ್ಯೆ. ಕೋಟ್ಯಾನ್ ಹೋಗಿ ಕೋಟಿಯನ್. ಬಂಗೇರ ಹೋಗಿ ಬಾಂಗೇರಾ. ಇನ್ನೂ ಹಳೆಯದರಲ್ಲಿ ಬಳಿಯ (ಕುಲದ) ಹೆಸರು, ಮನೆಹೆಸರು ಯಾವುದೂ ಇಲ್ಲದೆ ಅಪ್ಪನ ಹೆಸರು, ಅಜ್ಜನ ಹೆಸರು ಮಾತ್ರ. ಅಳಿಯಕಟ್ಟಿನ ಮನೆಯವರಿಗೆ ಇದು ದೊಡ್ಡ ತಲೆನೋವು, ಏಕೆಂದರೆ ಊರಿನಲ್ಲಿ ಮಗು ತಾಯಿಯ ಬಳಿಗೆ ಸೇರಿದ್ದು, ಮುಂಬೈ ಪುಸ್ತಕದಲ್ಲಿ ಅಪ್ಪನ ಅಡ್ಡಹೆಸರಿಗೆ. ಎರಡೂ ಕಡೆ ಒಂದೇ ವ್ಯಕ್ತಿ ಎಂದು ಹೊಂದಿಸುವುದು ತಾಯಿಯ ಹೆಸರು. ಅಂಕಿಯಲ್ಲೂ ಹುಷಾರು. ಕೈಬರಹದ ದೇವನಾಗರಿಯಲ್ಲಿ ಒಂದು ಮತ್ತು ಒಂಬತ್ತು ಅಣ್ಣತಮ್ಮಂದಿರಂತಿರುತ್ತವೆ, 11 ಮತ್ತು 19ರ ಗೊಂದಲ ಹೆಚ್ಚಿನ ಪಾಲು ಅಲ್ಲಿಂದಲೇ.

ವಿಳಾಸವನ್ನು ಅಂದಿನ ಹೆಸರಿನಲ್ಲೇ ಕೊಡಿ. ಹಾರ್ನ್‌ಬಿ ರೋಡು ಈಗಿನ ದಾದಾಭಾಯಿ ನವರೋಜಿ ರಸ್ತೆ, ಎಲ್ಫಿನ್‌ಸ್ಟನ್ ರೋಡು ಸ್ಟೇಷನ್ನು 2018ರಿಂದ ಪ್ರಭಾದೇವಿ. ಪುಸ್ತಕಕ್ಕೆ ಹೊಸ ಹೆಸರು ಗೊತ್ತಿಲ್ಲ.

ಕೌಂಟರಿನಲ್ಲಿ ಕೇಳುವಾಗ ‘ಬರ್ತ್ ಸರ್ಟಿಫಿಕೇಟ್ ಕೊಡಿ’ ಎನ್ನುವ ಬದಲು ‘ಮೂಲ ರಿಜಿಸ್ಟರಿನ ಪೂರ್ಣ ನಕಲು ಬೇಕು’ ಎನ್ನಿ. ಕಂಪ್ಯೂಟರಿನ ಪ್ರಮಾಣಪತ್ರದಲ್ಲಿ ಹೆಸರು, ತಾರೀಖು, ತಂದೆತಾಯಿ ಇಷ್ಟೇ ಬರುತ್ತದೆ. ಹಳೆಯ ಕೈಬರಹದ ಸಾಲಿನಲ್ಲಿ ಅಪ್ಪನ ಉದ್ಯೋಗ, ವಾಸ, ಮಾಹಿತಿ ಕೊಟ್ಟವರ ಹೆಸರು ಸಿಗುವುದುಂಟು, ವಂಶಾವಳಿ ಬರೆಯುವವರಿಗೆ ಬೇಕಾದದ್ದು ಅದೇ. ರಿಜಿಸ್ಟರಿನಲ್ಲಿ ಹುಡುಕಿಸಿ ನಕಲು ಪಡೆಯಲು 1969ರ ಕಾಯ್ದೆಯ 17ನೇ ಕಲಂ ಯಾರಿಗಾದರೂ ಅವಕಾಶ ಕೊಡುತ್ತದೆ. ಆದರೂ ನಂಟು ತೋರಿಸುವ ಕಾಗದ ಕೈಯಲ್ಲಿರಲಿ, ವಾದಕ್ಕಿಂತ ಅದು ಬೇಗ ಕೆಲಸ ಮಾಡುತ್ತದೆ. ಪುಟ ಸಿಕ್ಕಿದ ಕೂಡಲೇ ಸಂಪುಟ, ಪುಟ, ನೋಂದಣಿ ಸಂಖ್ಯೆ, ನೋಂದಣಿಯ ತಾರೀಖು ನಾಲ್ಕನ್ನೂ ಬರೆದುಕೊಳ್ಳಿ. ಮುಂದಿನ ಸಲ ಬಂದಾಗ ಬೇರೆ ಗುಮಾಸ್ತರಿರುತ್ತಾರೆ.

ಹಳ್ಳಿಯ ಪುಸ್ತಕ

ಹೆರಿಗೆ ಮಹಾರಾಷ್ಟ್ರದ ಹಳ್ಳಿಯಲ್ಲಾಗಿದ್ದರೆ ಕೇಳಬೇಕಾದ ಹೆಸರು ‘ಗಾವ್ ನಮುನಾ 14’. ಜನರ ಬಾಯಲ್ಲಿ ಕೋತ್ವಾಲ್ ಬುಕ್ಕು. ಇರುವುದು ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಅಪ್ಪನ ಹೆಸರು, ಕೆಲವೊಮ್ಮೆ ಅಜ್ಜನ ಹೆಸರು, ಜಾತಿ, ತಾರೀಖು ಇರುತ್ತವೆ, ಮಗುವಿನ ಹೆಸರು ಇಲ್ಲದಿರುವುದೇ ಹೆಚ್ಚು. 2023ರಲ್ಲಿ ಮರಾಠಾ ಮೀಸಲಾತಿಗಾಗಿ ಕುಣಬಿ ಜಾತಿಯ ದಾಖಲೆಗಳ ಹುಡುಕಾಟ ಶುರುವಾದಾಗ ಈ ಪುಸ್ತಕಗಳನ್ನು ರಾಶಿರಾಶಿಯಾಗಿ ಹೊರತೆಗೆದು ಸ್ಕ್ಯಾನ್ ಮಾಡಿ ಜಿಲ್ಲಾ ವೆಬ್‌ಸೈಟುಗಳಲ್ಲಿ ಹಾಕಿದರು. ನಮಗೆ ಜಾತಿಯ ಕೆಲಸವಿಲ್ಲದಿದ್ದರೂ ಆ ಪುಟಗಳು ಕೂತಲ್ಲೇ ನೋಡಲು ಸಿಗುತ್ತವೆ ಎಂಬುದು ಲಾಭ.

ಹಳೆಯ ಪುಟಗಳು ಮೋಡಿ ಲಿಪಿಯಲ್ಲಿ. ಮರಾಠಿ ಸರಾಗ ಓದುವವರಿಗೂ ಇದು ಬಾರದು. ಮೋಡಿಯಲ್ಲಿ ಇಕಾರ ಈಕಾರಗಳ ಹ್ರಸ್ವ ದೀರ್ಘ ಭೇದವಿಲ್ಲ, ಲೇಖನಿ ಎತ್ತದೆ ಬರೆದದ್ದು. ಪುಣೆಯಲ್ಲಿರುವವರಿಗೆ ಇದಕ್ಕೆ ದಾರಿ ಹತ್ತಿರವೇ ಇದೆ: 1910ರಲ್ಲಿ ಶುರುವಾದ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ಮೋಡಿ ಬಲ್ಲವರು ಸಿಗುತ್ತಾರೆ. ಓದಿಸುವಾಗ ನೀವು ಹುಡುಕುತ್ತಿರುವ ಹೆಸರನ್ನು ಮೊದಲೇ ಹೇಳಬೇಡಿ. ಹೇಳಿದರೆ ಓದುವವರ ಕಣ್ಣಿಗೂ ಅದೇ ಕಾಣತೊಡಗುತ್ತದೆ.

ತವರು ಕನ್ನಡ ನಾಡಿನಲ್ಲಾಗಿದ್ದರೆ 1956ರ ನವೆಂಬರ್ 1ನ್ನು ಗೆರೆಯಾಗಿ ಇಟ್ಟುಕೊಳ್ಳಿ. ಅದಕ್ಕೆ ಮುಂಚೆ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬೈ ಆಡಳಿತದಲ್ಲಿದ್ದವು, ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು. ಪುಸ್ತಕದ ನಮೂನೆ, ಭಾಷೆ ಅದರಂತೆ ಬೇರೆ. ಮದ್ರಾಸ್ ಕಡೆಗೆ 1899ರ ಪ್ರತ್ಯೇಕ ಕಾಯ್ದೆಯೇ ಇತ್ತು. ಇನ್ನು ಉಡುಪಿ, ಗದಗ, ಬಾಗಲಕೋಟೆ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಕಾಪು, ಬ್ರಹ್ಮಾವರ, ಬೈಂದೂರು ತಾಲೂಕುಗಳಂತೂ ನಿನ್ನೆ ಮೊನ್ನೆಯವು. ಕಾಪುವಿನ ಹಳೆಯ ಜನನಕ್ಕೆ ಮೊದಲು ಉಡುಪಿ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೇಳುವುದು ಲೇಸು. ಕರ್ನಾಟಕದ ಜನನ ಮರಣ ನೋಂದಣಿಯ ಇ-ಜನ್ಮ ತಂತ್ರಾಂಶದಲ್ಲಿ ಅಜ್ಜಿಯನ್ನು ಹುಡುಕುವ ಆಸೆ ಬೇಡ.

ಮನೆಹೆರಿಗೆಯ ಸಾಲು ಪಟೇಲರಿಗೋ ಶಾನುಭೋಗರಿಗೋ ಯಾರಾದರೂ ಹೋಗಿ ಹೇಳಿದರೆ ಮಾತ್ರ ಬರೆಯಲ್ಪಡುತ್ತಿತ್ತು. ಮಳೆಗಾಲದ ಮಗು ಹೊಳೆ ಇಳಿದ ಮೇಲೆ ಪುಸ್ತಕಕ್ಕೆ ಬಂದಿರಬಹುದು. ಆದ್ದರಿಂದ ತಾರೀಖಿನ ವಿಷಯದಲ್ಲಿ ಆಸ್ಪತ್ರೆಯ ಸಾಲಿಗಿಂತ ಒಂದು ಮೆಟ್ಟಿಲು ಕೆಳಗೆ, ಶಾಲೆಯ ಪುಸ್ತಕಕ್ಕಿಂತ ನಾಲ್ಕು ಮೆಟ್ಟಿಲು ಮೇಲೆ.

ಗೋವಾ: ಒಂದೇ ಸಾಲಿನಲ್ಲಿ ಮೂರು ತಲೆಮಾರು

1961ರ ಡಿಸೆಂಬರ್ 19ಕ್ಕೆ (ಗೋವಾ ವಿಮೋಚನೆಯ ದಿನ) ಮುಂಚೆ ಗೋವಾದಲ್ಲಿ ಹುಟ್ಟಿದವರಾದರೆ, ಈ ಮೂರೂ ಊರುಗಳಲ್ಲಿ ಸಿಗುವ ಅತ್ಯಂತ ಶ್ರೀಮಂತ ದಾಖಲೆ ನಿಮ್ಮದು. ಪೋರ್ಚುಗೀಸರ ಸಿವಿಲ್ ನೋಂದಣಿಯ ಜನನ ಬರಹ ಕೋಷ್ಟಕವಲ್ಲ, ವಾಕ್ಯಗಳಲ್ಲಿ ಬರೆದ ವರದಿ. ಮಗು, ಹುಟ್ಟಿದ ಗಂಟೆ, ಊರು, ತಂದೆತಾಯಿ, ಅವರ ಮೇಲೆ ಅಪ್ಪನ ಕಡೆಯ ಅಜ್ಜಅಜ್ಜಿ, ಅಮ್ಮನ ಕಡೆಯ ಅಜ್ಜಅಜ್ಜಿ. ಮುಂಬೈ ಪಾಲಿಕೆಯಲ್ಲಿ ಇಷ್ಟಕ್ಕೆ ಮೂರು ಅರ್ಜಿ ಹಾಕಬೇಕಾಗುತ್ತದೆ.

ಕೇಳುವ ಜಾಗ ತಾಲೂಕಿನ ಸಿವಿಲ್ ರಿಜಿಸ್ಟ್ರಾರ್ ಹಾಗೂ ಸಬ್ ರಿಜಿಸ್ಟ್ರಾರ್ ಕಚೇರಿ, ಪಂಚಾಯತಿಯಲ್ಲ. ಕೇಳುವ ಪದ ‘ತೆಯೋರ್’. ಅಂದರೆ ಅಕ್ಷರಶಃ ಪೂರ್ತಿ ನಕಲು. ಚಿಕ್ಕ ನಮೂನೆಯ ಪತ್ರ ತೆಗೆದುಕೊಂಡು ಬಂದರೆ ಅಜ್ಜಅಜ್ಜಿಯರು ಪುಸ್ತಕದಲ್ಲೇ ಉಳಿದುಹೋಗುತ್ತಾರೆ. ತಿಸವಾಡಿ ತಾಲೂಕಿನ ಹಳೆಯ ಹೆಸರು ‘ಇಲ್ಯಾಸ್’, ಪುಸ್ತಕದ ಬೆನ್ನಮೇಲೆ ಅದೇ ಇದ್ದರೆ ಗಾಬರಿ ಬೇಡ.

ಕಾರವಾರ, ಮಾಜಾಳಿ ಕಡೆಯ ಮನೆಗಳಿಂದ ಕಾಣಕೋಣಕ್ಕೆ ಹೆಣ್ಣು ಕೊಟ್ಟವರು ಇದನ್ನು ಮರೆಯುತ್ತಾರೆ. ತವರಿಗೆ ಬಾರದೆ ಗಂಡನ ಮನೆಯಲ್ಲೇ ಹೆತ್ತಿದ್ದರೆ ಸಾಲು ಪೋರ್ಚುಗೀಸಿನಲ್ಲಿದೆ. ಹೆಸರುಗಳ ವೇಷ ನೋಡಿಯೇ ಆನಂದಿಸಬೇಕು: ಕಾಮತ್ ಅಲ್ಲಿ ಕಾಮೊತಿಂ, ಪೈ ಅಲ್ಲಿ ಪೊಯ್, ಪ್ರಭು ಅಲ್ಲಿ ಪೊರೊಬೊ, ಕೇಣಿ ಅಲ್ಲಿ ಕೆಣಿಂ, ಶೆಣೈ ಅಲ್ಲಿ ಸಿನಾಯ್. ನಮ್ಮ ‘ಶ’ಕ್ಕೆ ಅವರು ಎಕ್ಸ್ ಅಕ್ಷರ ಬಳಸುತ್ತಿದ್ದರು, ‘ಕ’ಕ್ಕೆ ಸಿ ಅಥವಾ ಕ್ಯೂ. ಕೆ ಅಕ್ಷರದಡಿ ಕಾಮತರನ್ನು ಹುಡುಕುವವರು ಬರಿಗೈಯಲ್ಲಿ ಬರುವುದು ಇದಕ್ಕೇ.

ಗದಗ, ಬಾಗಲಕೋಟೆ, ಕೊಪ್ಪಳ ಕಡೆಯಿಂದ ವಿಮೋಚನೆಯ ನಂತರ ಬಂದರು, ಗಣಿ, ಕಟ್ಟಡ ಕೆಲಸಕ್ಕೆ ವಾಸ್ಕೋ, ಜುವಾರಿನಗರಕ್ಕೆ ಬಂದವರ ಮಕ್ಕಳಿಗೆ ಈ ಶ್ರೀಮಂತಿಕೆ ಇಲ್ಲ. ಅವರದು ಪುರಸಭೆ ಅಥವಾ ಪಂಚಾಯತಿಯ ಮಾಮೂಲಿ ರಿಜಿಸ್ಟರು. ಹೆರಿಗೆಗೆ ಊರಿಗೆ ಹೋಗಿ ಬಂದವರೇ ಜಾಸ್ತಿಯಾದ್ದರಿಂದ ರೋಣ, ಬಾದಾಮಿ ತಾಲೂಕುಗಳನ್ನೂ ಪಟ್ಟಿಯಲ್ಲಿ ಇಡಿ.

ಚರ್ಚಿನ ಪುಸ್ತಕ

ಮಂಗಳೂರು ಕಡೆಯ ಕ್ಯಾಥೊಲಿಕರಿಗೆ ಜ್ಞಾನಸ್ನಾನದ ರಿಜಿಸ್ಟರು ಪಾಲಿಕೆಗಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ. ಮಗುವಿನ ಹೆಸರು ಮೊದಲ ದಿನದಿಂದಲೇ ಇದೆ. ಜನನ, ಜ್ಞಾನಸ್ನಾನ ಎರಡೂ ತಾರೀಖುಗಳಿವೆ. ದೇವತಾಯಿ ದೇವತಂದೆಯರು ಯಾರೆಂದು ನೋಡಿದರೆ ಸೋದರಮಾವನೋ ಚಿಕ್ಕಮ್ಮನೋ ಸಿಕ್ಕೇಬಿಡುತ್ತಾರೆ. ಜೊತೆಗೆ ಅಂಚಿನ ಟಿಪ್ಪಣಿ: ಆ ವ್ಯಕ್ತಿ ಮುಂದೆ ಎಲ್ಲೇ ಮದುವೆಯಾದರೂ ಆ ಸುದ್ದಿ ಜ್ಞಾನಸ್ನಾನದ ಚರ್ಚಿಗೆ ಬಂದು ಅದೇ ಸಾಲಿನ ಪಕ್ಕ ಬರೆಯಲ್ಪಡುವುದು ಪದ್ಧತಿ. ನಕಲು ಕೇಳುವಾಗ ‘ಅಂಚಿನ ಬರಹ ಸಮೇತ’ ಎಂದು ಹೇಳದಿದ್ದರೆ ಅದು ಬರುವುದಿಲ್ಲ.

ಕೊರತೆಯೆಂದರೆ ಚರ್ಚಿನ ಹೆಸರು ಖಚಿತವಾಗಿ ಗೊತ್ತಿರಬೇಕು. ಬಾಂದ್ರಾವೊಂದರಲ್ಲೇ ಹಲವು ಇವೆ. ಮುಂಬೈಯಲ್ಲಿ ಪಾದ್ರೊಆಡೊ (ಪೋರ್ಚುಗೀಸರ ಆಶ್ರಯದ್ದು) ಮತ್ತು ಪ್ರೊಪಗಾಂಡಾ (ನೇರ ರೋಮಿನದು) ಎಂಬ ಎರಡು ಚರ್ಚ್ ಆಡಳಿತಗಳು 1928ರವರೆಗೂ ಅಕ್ಕಪಕ್ಕದಲ್ಲೇ ನಡೆಯುತ್ತಿದ್ದವು. ಮನೆಗೆ ಹತ್ತಿರದ ಚರ್ಚೇ ಆ ಕುಟುಂಬದ ಚರ್ಚು ಎಂದು ಹೇಳುವಂತಿಲ್ಲ.

ಶಾಲೆಯ ಜನರಲ್ ರಿಜಿಸ್ಟರು

ಸುಲಭವಾಗಿ ಸಿಗುವುದು ಇದು, ತಾರೀಖಿಗೆ ಅತ್ಯಂತ ದುರ್ಬಲವೂ ಇದೇ. ಜೂನ್ 1 ಎಂದು ಕಂಡ ಕೂಡಲೇ ಅನುಮಾನಿಸಿ. ಶಾಲೆ ಜೂನಿನಲ್ಲಿ ಶುರು, ಸೇರಿಸಲು ವಯಸ್ಸು ತುಂಬಿರಬೇಕು, ತಂದವರಿಗೆ ತಾರೀಖು ಗೊತ್ತಿಲ್ಲ, ಮಾಸ್ತರು ಲೆಕ್ಕ ಹಾಕಿ ಬರೆದರು. ಮುಂಬೈಯ ಕನ್ನಡ ರಾತ್ರಿಶಾಲೆಗಳ ವಿಷಯ ಇನ್ನೂ ಒಂದು ಕೈ ಮೇಲು. ಹತ್ತು ಹನ್ನೆರಡರ ಹುಡುಗ ಊರು ಬಿಟ್ಟು ಬಂದು ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು ರಾತ್ರಿ ಬೆಂಚಿನಲ್ಲಿ ಕೂತವನು. ಜನ್ಮದಿನ ಹೇಳಿದ್ದು ಅವನೇ, ಅಥವಾ ಗಲ್ಲೆಯ ಮೇಲಿದ್ದ ಧಣಿ.

ಆದರೆ ಇದನ್ನು ಬಿಸಾಡಬೇಡಿ. ಜನರಲ್ ರಿಜಿಸ್ಟರಿನಲ್ಲಿ ಹುಟ್ಟಿದ ಊರಿನ ಕಾಲಮ್ಮು ಇರುತ್ತದೆ, ಹಿಂದಿನ ಶಾಲೆಯ ಕಾಲಮ್ಮೂ ಇರುತ್ತದೆ. ‘ಹೆಜಮಾಡಿ’ ಎಂಬ ಒಂದು ಪದ ಅಲ್ಲಿ ಸಿಕ್ಕಿದರೆ ಮುಂದಿನ ದಾರಿ ತೆರೆಯಿತು. ಟಿಸಿಯ ನಕಲಿಗಿಂತ ಜನರಲ್ ರಿಜಿಸ್ಟರಿನ ಉತಾರ (ಆ ಸಾಲಿನ ನಕಲು) ಕೇಳಿ. ಪಾಲಿಕೆಯ ಕನ್ನಡ ಶಾಲೆ ಮುಚ್ಚಿದ್ದರೆ ಯಾವ ಶಾಲೆಯೊಳಗೆ ವಿಲೀನವಾಯಿತೆಂದು ವಾರ್ಡಿನ ಶಿಕ್ಷಣ ವಿಭಾಗದಲ್ಲಿ ವಿಚಾರಿಸಿ. ಕಪಾಟು ಅಲ್ಲಿಗೆ ಹೋಗಿರುತ್ತದೆ.

ಜಾತಕ

ಕಚೇರಿಗಳು ಇದನ್ನು ಕಾಗದವೆಂದೇ ಎಣಿಸುವುದಿಲ್ಲ. ನಮ್ಮ ಅಳತೆಗೋಲಿನಲ್ಲಿ ಮಾತ್ರ ಇದು ಮೇಲಿನ ಸಾಲಿನಲ್ಲಿದೆ, ಯಾಕೆಂದರೆ ಗಂಟೆಗಾಗಿ ತಲೆಕೆಡಿಸಿಕೊಂಡು ಬರೆಸಿದ ಏಕೈಕ ದಾಖಲೆ. ತಪ್ಪಾಗುವುದು ಅದನ್ನು ಇಂಗ್ಲಿಷ್ ತಾರೀಖಿಗೆ ಇಳಿಸುವಾಗ.

ಒಂದು ಉದಾಹರಣೆ ಬಿಡಿಸಿ ನೋಡೋಣ. ‘ಪ್ಲವ ಸಂವತ್ಸರ, ಆಟಿ 7, ಭಾನುವಾರ, ಉದಯಾದಿ ಘಟಿ 52’ ಎಂದಿದೆ. ಆಟಿ ತುಳುವರ ಸೌರ ತಿಂಗಳು, ಉದಯಾದಿ ಎಂದರೆ ಸೂರ್ಯೋದಯದಿಂದ ಎಣಿಸಿದ್ದು. ಪ್ಲವ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ: 2021-22, 1961-62, 1901-02. ವ್ಯಕ್ತಿಯ ವಯಸ್ಸು ನೋಡಿ 1961 ಎಂದು ಹಿಡಿಯಿರಿ. ಆಟಿ ಶುರುವಾಗುವುದು ಕರ್ಕ ಸಂಕ್ರಮಣದ ಮರುದಿನ, ಜುಲೈ 17ರ ಸುಮಾರಿಗೆ. ಏಳನೇ ದಿನ ಜುಲೈ 23. ವಾರ ತಾಳೆ ನೋಡಿ: 1961ರ ಜುಲೈ 23 ಭಾನುವಾರವೇ ಹೌದು. ಇಲ್ಲಿಗೆ ನಿಲ್ಲಿಸಿದರೆ ತಪ್ಪು. ಒಂದು ಘಟಿ 24 ನಿಮಿಷ, 52 ಘಟಿ ಎಂದರೆ 20 ಗಂಟೆ 48 ನಿಮಿಷ. ಸೂರ್ಯೋದಯ ಆರೂ ಹತ್ತಕ್ಕೆ ಎಂದರೆ ಹುಟ್ಟಿದ್ದು ರಾತ್ರಿ ಮೂರು ಗಂಟೆಗೆ ಎರಡು ನಿಮಿಷ ಮುಂಚೆ. ಪಂಚಾಂಗದ ಭಾನುವಾರ ಬೆಳಗಿನವರೆಗೂ ನಡೆಯುತ್ತದೆ, ಆಸ್ಪತ್ರೆಯ ಗಡಿಯಾರದಲ್ಲಿ ಆಗಲೇ ಸೋಮವಾರ. ಪಾಲಿಕೆಯ ಪುಸ್ತಕದಲ್ಲಿ ಜುಲೈ 24 ಇದ್ದರೆ ಎರಡೂ ದಾಖಲೆ ಸರಿ. ಈ ಒಂದು ದಿನದ ವ್ಯತ್ಯಾಸಕ್ಕೆ ‘ಇದು ನಮ್ಮವರಲ್ಲ’ ಎಂದು ಪುಟ ಮಗುಚಿದವರು ಎಷ್ಟೋ.

ಚಾಂದ್ರಮಾನದ ಜಾತಕವಾದರೆ ಇನ್ನೊಂದು ಎಚ್ಚರಿಕೆ: ಶಕ ವರ್ಷಕ್ಕೆ 78 ಕೂಡಿಸಿ ಎನ್ನುತ್ತಾರೆ, ಆದರೆ ಜನವರಿಯಿಂದ ಯುಗಾದಿಯ ನಡುವೆ ಹುಟ್ಟಿದವರಿಗೆ 79 ಕೂಡಿಸಬೇಕು.

ಯಾವುದು ಮೊದಲು?

ತಾರೀಖು ಮಾತ್ರ ಬೇಕಿದ್ದು ಹೆರಿಗೆ ಆಸ್ಪತ್ರೆಯಲ್ಲಾಗಿದ್ದರೆ ಪಾಲಿಕೆ, ಮನೆಯಲ್ಲಾಗಿದ್ದರೆ ಜಾತಕ ಹಿಡಿದುಕೊಂಡು ತಾಲೂಕು ಕಚೇರಿ. ಅಜ್ಜಮುತ್ತಜ್ಜರ ಹೆಸರು ಬೇಕಿದ್ದರೆ ಗೋವಾದ ತೆಯೋರ್, ಅದಿಲ್ಲದವರಿಗೆ ಚರ್ಚು ಅಥವಾ ಕೋತ್ವಾಲ್ ಬುಕ್ಕು. ಊರೇ ಗೊತ್ತಿಲ್ಲದಿದ್ದರೆ ಶಾಲೆಯಿಂದ ಹೊರಡಿ. ಚಿತ್ರಾಪುರ ಸಾರಸ್ವತರಿಗೆ ಮಾತ್ರ ಒಂದು ಅಡ್ಡದಾರಿಯಿದೆ: 1911ರಲ್ಲಿ ಹುಟ್ಟಿದ ಕೆನರಾ ಸಾರಸ್ವತ ಅಸೋಸಿಯೇಷನ್ನಿನ ಮಾಸಪತ್ರಿಕೆ 1917ರಿಂದ ಬರುತ್ತಿದೆ, ಸಮಾಜದ ಮನೆಗಳ ಜನನ, ಮದುವೆ, ಮರಣದ ಸುದ್ದಿ ಅದರಲ್ಲಿ ಅಚ್ಚಾಗುತ್ತದೆ. ತಾಡದೇವಿನ ತಳಮಕಿವಾಡಿಗೆ ಹೋಗಿ ವಿಚಾರಿಸಬಹುದು. ಹರಿದ್ವಾರ, ತ್ರ್ಯಂಬಕೇಶ್ವರದ ಪಂಡರ (ಕ್ಷೇತ್ರ ಪುರೋಹಿತರ) ವಹಿಗಳು, ಅಂದರೆ ವಂಶಾವಳಿ ಪುಸ್ತಕಗಳು, ಹೆಸರಿನ ಸಾಲಿಗೆ ಚೆನ್ನ, ಜನ್ಮದಿನಕ್ಕೆ ಅಲ್ಲ.

ಎಲ್ಲೂ ಸಿಗದಿದ್ದರೆ ಕಚೇರಿಯವರು ನಮೂನೆ 10ರಲ್ಲಿ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ ಕೊಡುತ್ತಾರೆ. ಅದನ್ನು ಕೈಗೆ ತೆಗೆದುಕೊಳ್ಳುವ ಮುಂಚೆ ಕೌಂಟರಿನಲ್ಲೇ ನಿಂತು ಎರಡು ಜಾಗ ಓದಿ: ಯಾವ ವರ್ಷದಿಂದ ಯಾವ ವರ್ಷದವರೆಗೆ ನೋಡಿದರು, ಯಾವ ಹೆಸರಿನಲ್ಲಿ ನೋಡಿದರು. 1952 ಒಂದೇ ವರ್ಷ, ಮಗುವಿನ ಹೆಸರು ಸುಶೀಲಾ ಎಂದಿದ್ದರೆ ಹುಡುಕಾಟ ಇನ್ನೂ ಶುರುವೇ ಆಗಿಲ್ಲ. ಅಪ್ಪನ ಹೆಸರಿನಲ್ಲಿ, 1950ರಿಂದ 1955ರವರೆಗೆ, ‘ಹೆಣ್ಣು’ ಎಂದು ಹೊಸ ಅರ್ಜಿ ಬರೆದು ಅದೇ ಕಿಟಕಿಯಲ್ಲಿ ಕೊಡಿ.